ಆನೆಗೊಂದಿ ಹೊಳೆದಂಡೆಯ ಸಂಜೆ: ಮೊದಲು ವಾಪಸ್ ಬರುವ ಗಾಡಿ ಗೊತ್ತುಮಾಡಿ

ಆನೆಗೊಂದಿ ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಎದುರು ತುಂಗಭದ್ರೆ ಹೊಳೆಯ ದಂಡೆಯಲ್ಲಿರುವ ಊರು. ಅಲ್ಲಿ ನಾವು ಎರಡು ಸಂಜೆ ಕಳೆದೆವು. ಮೊದಲನೆಯದು ಕೆಟ್ಟಿತು, ಎರಡನೆಯದು ತುಂಬಾ ಚೆನ್ನಾಗಾಯಿತು. ಹೊಳೆ ಅದೇ, ಊಟಕ್ಕೆ ಕೂತ ಬಂಡೆಯೂ ಹೆಚ್ಚುಕಡಿಮೆ ಅದೇ. ಎರಡನೇ ದಿನ ವಾಪಸ್ ಬರುವುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಹೊರಟೆವು, ಅಷ್ಟೇ ವ್ಯತ್ಯಾಸ.

ಹೋದವರು ಮೂವರು: ನಾನು, ಅಮ್ಮ, ಒಂಬತ್ತು ವರ್ಷದ ಮಗ. ಜನವರಿ ತಿಂಗಳು. ಬೆಂಗಳೂರಿನಿಂದ ರಾತ್ರಿ ಹೊರಡುವ ಕೆಂಪು ಬಸ್ಸಿನಲ್ಲಿ ಗಂಗಾವತಿಗೆ ಹೋದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ನನಗೂ ಅಮ್ಮನಿಗೂ ಟಿಕೆಟ್ ಖರ್ಚಿಲ್ಲ, ಮಗನಿಗೆ ಅರ್ಧ ಟಿಕೆಟ್. ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ರಾತ್ರಿಯೆಲ್ಲ ಕೂತೇ ಬಂದಿದ್ದಕ್ಕೆ ಅಮ್ಮನ ಕಾಲು ಊದಿಕೊಂಡಿತು. ಹಾಗಾಗಿ ವಯಸ್ಸಾದವರು ಜೊತೆಗಿದ್ದರೆ ಹಂಪಿ ಎಕ್ಸ್‌ಪ್ರೆಸ್ ರೈಲಿಗೆ ಬರ್ತ್ ಬುಕ್ ಮಾಡಿ. ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದರೆ ಅಲ್ಲಿಂದ ಗಂಗಾವತಿಗೆ ಬಸ್ಸು ಸಿಗುತ್ತದೆ. ಬರುವಾಗ ನಾವೂ ರೈಲಿನಲ್ಲೇ ಬಂದೆವು.

ಉಳಿಯಲು ಗಂಗಾವತಿಯ ಸಾದಾ ಲಾಡ್ಜ್ ಸಾಕು. ಆನೆಗೊಂದಿಯಲ್ಲೂ ಹೋಂಸ್ಟೇಗಳಿವೆ, ಚೆನ್ನಾಗಿಯೂ ಇವೆ. ಆದರೆ ದುಡ್ಡು ಉಳಿಸಬೇಕು ಅನ್ನುವವರಿಗೆ ಗಂಗಾವತಿಯೇ ಸರಿ. ಅಲ್ಲಿಂದ ಆನೆಗೊಂದಿ 10–12 ಕಿಲೋಮೀಟರ್ ಅಷ್ಟೇ. ದಾರಿಯುದ್ದಕ್ಕೂ ಭತ್ತದ ಗದ್ದೆ, ಗದ್ದೆ ತುಂಬ ಬೆಳ್ಳಕ್ಕಿ, ಅದರ ಹಿಂದೆ ಯಾರೋ ಪೇರಿಸಿಟ್ಟ ಹಾಗೆ ನಿಂತ ಬಂಡೆಗುಡ್ಡ. ಕಿಟಕಿ ಪಕ್ಕದ ಸೀಟು ಹಿಡಿಯಿರಿ.

ಮೊದಲ ದಿನ ನಾವು ಮಾಡಿದ ತಪ್ಪು ಕೇಳಿ. ಮಧ್ಯಾಹ್ನ ಊಟ ಮುಗಿಸಿ ಮೂರೂವರೆಗೆ, ಆಂಜನೇಯ ಹುಟ್ಟಿದ ಬೆಟ್ಟ ಅಂತ ಜನ ನಂಬುವ ಅಂಜನಾದ್ರಿಗೆ ಹೋದೆವು. ಅಲ್ಲಿ ಮೆಟ್ಟಿಲು 575. ಅಮ್ಮ ಕೆಳಗೇ ಕೂತರು, ನಾನೂ ಮಗನೂ ಹತ್ತಿದೆವು. ಹತ್ತಿ, ಆಂಜನೇಯನಿಗೆ ಕೈಮುಗಿದು, ಸುತ್ತ ನೋಡಿ ಇಳಿಯುವಷ್ಟರಲ್ಲಿ ಐದೂಕಾಲು. ಅಲ್ಲಿಂದ ಆಟೋ ಹಿಡಿದು ಆನೆಗೊಂದಿ ಹೊಳೆಗೆ ಬಂದಾಗ ಸೂರ್ಯ ಮುಳುಗಲು ಕಾಲು ಗಂಟೆಯೂ ಇರಲಿಲ್ಲ. ಜನವರಿಯಲ್ಲಿ ಇಲ್ಲಿ ಆರು ದಾಟಿದರೆ ಬೆಳಕು ಹೋಯಿತು ಅಂತಲೇ ಲೆಕ್ಕ. ಗಂಗಾವತಿಯ ಒಂದು ಹೋಟೆಲಿನಲ್ಲಿ ಕಟ್ಟಿಸಿಕೊಂಡಿದ್ದ ಅನ್ನ ಸಾಂಬಾರಿನಲ್ಲಿ ಸಾಂಬಾರಿನ ಪೊಟ್ಟಣ ಒಡೆದು ಚೀಲವೆಲ್ಲ ಒದ್ದೆ. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಬಂಡೆ ಮೇಲೆ ಕೂತು ಒಣ ಅನ್ನಕ್ಕೆ ಮೊಸರು ಕಲಸಿ ತಿಂದೆವು. ಎದ್ದು ಊರೊಳಗೆ ಬಂದರೆ ಬಸ್ಸಿಲ್ಲ, ಆಟೋನೂ ಇಲ್ಲ.

ಅಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು, "ಯಾಕವ್ವಾ, ಇಷ್ಟೊತ್ತಿಗೆ ಬಸ್ ಎಲ್ಲಿ ಸಿಗತೈತಿ? ಸಣ್ಣ ಹುಡುಗನ್ನ ಕರ್ಕೊಂಡು ಕತ್ತಲಾಗ ಅಡ್ಡಾಡಬಾರದು" ಅಂದರು. ಅಮ್ಮನನ್ನು ಕಟ್ಟೆ ಮೇಲೆ ಕೂರಿಸಿ, ಒಳಗಿನಿಂದ ಚಹಾ ತರಿಸಿದರು. ತಮಗೆ ಗೊತ್ತಿದ್ದ ಆಟೋದವರಿಗೆ ಫೋನ್ ಮಾಡಿದರು. ಆಟೋ ಗಂಗಾವತಿಯಿಂದಲೇ ಬರಬೇಕಾಗಿದ್ದರಿಂದ ಹೋಗಿ ಬರುವ ಬಾಡಿಗೆ 500 ರೂಪಾಯಿ ಕೊಟ್ಟೆವು. ಆ ರಾತ್ರಿ ಅವರು ಸಿಗದಿದ್ದರೆ ಏನು ಮಾಡುತ್ತಿದ್ದೆವೋ, ಈಗಲೂ ಯೋಚಿಸುತ್ತೇನೆ.

ಆ ಆಟೋದವರ ಜೊತೆ ದಾರಿಯಲ್ಲೇ ಮಾತಾಡಿ ಮರುದಿನದ್ದು ಗೊತ್ತುಮಾಡಿದೆ. "ನಾಳೆ ಹೋಗಾಕ ಬಸ್ಸಿಗೆ ಹೋಗ್ರಿ ಅಕ್ಕಾರ, ರೊಕ್ಕ ಉಳಿತೈತಿ. ಬರಾಕ ನಾ ಬರ್ತೀನಿ, ಆರೂಕಾಲಿಗೆ ಅಲ್ಲೇ ನಿಂತಿರ್ತೀನಿ" ಅಂದರು. ಬಾಡಿಗೆ 300 ಅಂತ ಮಾತಾಯಿತು. ನೀವೂ ಹೀಗೇ ಮಾಡಿ. ಹೋಗಲು ಬಸ್ಸು, ಬರಲು ಮೊದಲೇ ಹೇಳಿಟ್ಟ ಆಟೋ. ಹೊಳೆದಂಡೆಯಲ್ಲಿ ಕೆಲವು ಕಡೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ಫೋನ್ ಮಾಡೋಣ ಅಂದುಕೊಳ್ಳಬೇಡಿ.

ಊಟದ ವಿಷಯಕ್ಕೆ ಬರೋಣ. ಹೊಳೆದಂಡೆಗೆ ಅನ್ನ ಸಾಂಬಾರು ಬೇಡವೇ ಬೇಡ. ಈ ಸೀಮೆಯ ಊಟವೇ ಹೊಲಕ್ಕೆ ಬುತ್ತಿ ಕಟ್ಟಲು ಹೇಳಿ ಮಾಡಿಸಿದ್ದು. ಅದನ್ನೇ ಕಟ್ಟಿಸಿಕೊಳ್ಳಿ. ಎರಡನೇ ದಿನ ಒಂದು ಖಾನಾವಳಿಗೆ ಹೋಗಿ ಹತ್ತು ಜೋಳದ ರೊಟ್ಟಿ ಕೇಳಿದೆವು. ಬಡಿಯುತ್ತಿದ್ದವರು, "ಬಿಸಿ ರೊಟ್ಟಿ ಬೇಕೋ, ಖಡಕ್ ರೊಟ್ಟಿ ಬೇಕೋ?" ಅಂತ ಕೇಳಿ, ಸಂಜೆಗೆ ಅಂದಾಗ ಐದು ಮೆತ್ತಗಿನವು, ಐದು ಖಡಕ್ ಕೊಟ್ಟರು. ರೊಟ್ಟಿಗೆ 100 ರೂಪಾಯಿ, ಬದನೆಕಾಯಿ ಎಣ್ಣೆಗಾಯಿಗೆ 60. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎರಡನ್ನೂ ದುಡ್ಡು ತಗೊಳ್ಳದೆ ಕಾಗದದಲ್ಲಿ ಕಟ್ಟಿಕೊಟ್ಟರು. ಎಣ್ಣೆಗಾಯಿಗೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ನಾವೇ ಕೊಟ್ಟೆವು. ಗಟ್ಟಿ ಮೊಸರಿಗೆ ಇನ್ನೊಂದು. ಹೊರಡುವ ಮುಂಚೆ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಿರ್ಚಿ ತಗೊಂಡೆವು. ಇಲ್ಲಿ ಒಗ್ಗರಣೆ ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಬಜ್ಜಿ. ಮಿರ್ಚಿ ತಣ್ಣಗಾದರೆ ರುಚಿ ಇಲ್ಲ, ಅದನ್ನು ಅಲ್ಲೇ ತಿಂದುಬಿಡಿ. ಬಾಳೆಹಣ್ಣನ್ನು ಆನೆಗೊಂದಿಯಲ್ಲೇ ಕೊಳ್ಳಿ, ಊರ ಸುತ್ತ ಬಾಳೆತೋಟಗಳೇ. ಆ ಬಾಳೆಯ ನಾರಿನಿಂದ ಊರಿನ ಹೆಂಗಸರು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಹಗಲಲ್ಲಿ ಹೋದರೆ ನೋಡಬಹುದು.

ಮಧ್ಯಾಹ್ನ ಎರಡೂವರೆ ಬಸ್ಸಿಗೆ ಹೊರಟೆವು. ಮೂರೂಕಾಲಿಗೆಲ್ಲ ಊರಲ್ಲಿದ್ದೆವು. ಮೊದಲು ಚಿಂತಾಮಣಿ ಕಡೆಗೆ ನಡೆದೆವು. ಹೊಳೆಗೆ ತಾಗಿಕೊಂಡೇ ಇರುವ ಹಳೇ ದೇವಸ್ಥಾನ ಅದು. ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದಲೇ ಅಂತ ಊರವರು ತೋರಿಸುತ್ತಾರೆ. ಹೊಳೆಯಲ್ಲಿ ಅರವತ್ತನಾಲ್ಕು ಕಂಬದ ಮಂಟಪ ಕಾಣುತ್ತದೆ. ಕೃಷ್ಣದೇವರಾಯನ ಸಮಾಧಿ ಅಂತ ಹೇಳುವುದು ಅದನ್ನೇ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಂಟಪ ನೀರಲ್ಲಿ ಮುಳುಗುತ್ತದೆ. ಅಮ್ಮ ನೆರಳಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಹಂಪಿಗೆ ಎರಡು ಸಲ ಹೋಗಿದ್ದರೂ ಇಷ್ಟು ಸಮಾಧಾನವಾಗಿ ಯಾವತ್ತೂ ಕೂತಿರಲಿಲ್ಲ ಅಂದರು. ದೇವಸ್ಥಾನದ ಅಂಗಳದಲ್ಲಿ, ಮಂಟಪಗಳ ಮೇಲೆ ಬುತ್ತಿ ಬಿಚ್ಚಬೇಡಿ. ಸ್ವಲ್ಪ ದೂರ ಹೋದರೆ ಕೂರಲು ಬೇಕಾದಷ್ಟು ಬಂಡೆಗಳಿವೆ.

ಹರಿಗೋಲು ಮಗನ ಹಟ. ಎದುರು ದಡದ ತಳವಾರಘಟ್ಟಕ್ಕೆ ದಾಟುವ ಕಡೆ ಸಿಗುತ್ತದೆ. ಬಿದಿರು ಹೆಣೆದ ದುಂಡನೆಯ ಬುಟ್ಟಿದೋಣಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ, ಆನೆಗೊಂದಿಗೆ ಜನ ಇಂಥ ಬುಟ್ಟಿಯಲ್ಲೇ ದಾಟುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳನ್ನೂ ಇದರಲ್ಲಿ ದಾಟಿಸಬಹುದಿತ್ತು ಅಂತ ಬರೆದಿಟ್ಟಿದ್ದಾನೆ. ಇದನ್ನು ಮಗನಿಗೆ ಹೇಳಿದಾಗ ಅವನ ಕಣ್ಣು ನೋಡಬೇಕಿತ್ತು! ಹತ್ತುವ ಮುಂಚೆ ದರ ಕೇಳಿಕೊಳ್ಳಿ, ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ನವಬೃಂದಾವನಕ್ಕೆ ಹೋಗುವ ಆಸೆ ಇದ್ದರೆ ಅದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಹೊಳೆ ನಡುವಿನ ಆ ನಡುಗಡ್ಡೆಯಲ್ಲಿ ವ್ಯಾಸರಾಜರೂ ಸೇರಿ ಒಂಬತ್ತು ಯತಿಗಳ ಬೃಂದಾವನಗಳಿವೆ. ಅದು ಮಡಿಯ ಜಾಗ, ಪಿಕ್ನಿಕ್ ಜೊತೆ ಸೇರಿಸುವಂಥದ್ದಲ್ಲ.

ನಾಲ್ಕೂಮುಕ್ಕಾಲಿಗೆ ಬಂಡೆ ಮೇಲೆ ಚಾದರ ಹಾಸಿದೆವು. ಬುತ್ತಿ ಬಿಚ್ಚಿದ ಎರಡೇ ನಿಮಿಷಕ್ಕೆ ಮಂಗಗಳು ಬಂದವು. ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗ, "ಮಂಗ್ಯಾ ಬರ್ತಾವ್ರಿ, ಚೀಲ ಮುಚ್ಚಿಡ್ರೀ" ಅಂತ ಕೂಗಿ ಅವನೇ ಓಡಿಸಿದ. ಊಟವನ್ನು ತಟ್ಟೆಗೆ ಹಾಕಿಕೊಂಡು ಡಬ್ಬಿಗಳನ್ನು ತಕ್ಷಣ ಚೀಲಕ್ಕೆ ಹಾಕಿ, ಚೀಲ ಕಾಲ ನಡುವೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಅವು ಹತ್ತಿರ ಬಂದೇ ಬರುತ್ತವೆ. ಬಟ್ಟೆ ಚೀಲ ಒಳ್ಳೆಯದು.

ಖಡಕ್ ರೊಟ್ಟಿ ಮುರಿದು, ಎಣ್ಣೆಗಾಯಿ ಮೆತ್ತಿ, ಮೇಲೆ ಮೊಸರು. ಎದುರಿಗೆ ಬಂಡೆಗಳು ಮೊದಲು ಹಳದಿ, ಆಮೇಲೆ ಕೆಂಪು. ಆ ಹೊತ್ತಿಗೆ ಆಚೆ ದಡದ ಹತ್ತಿರ ನೀರಲ್ಲಿ ಮೂರು ತಲೆ ಕಂಡವು. ಮೊಸಳೆ ಅಂತ ಮಗ ಹೆದರಿದ. ಹರಿಗೋಲು ದಡಕ್ಕೆ ಎಳೆಯುತ್ತಿದ್ದ ಅಂಬಿಗರು ನೋಡಿ, "ನೀರುನಾಯಿ ಅವು, ಮೀನಿಗೆ ಬಂದಾವು" ಅಂದರು. ತುಂಗಭದ್ರೆಯ ಈ ಭಾಗ ನೀರುನಾಯಿಗಳಿಗೆ ಮೀಸಲಾದ ಪ್ರದೇಶ. ಕೊಪ್ಪಳದ ಮುದ್ಲಾಪುರದಿಂದ ಬಳ್ಳಾರಿಯ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ಹಾಗೆ ಘೋಷಿಸಿದೆ. ಇದಕ್ಕಾಗಿಯೇ ಕೈಮುಗಿದು ಕೇಳುತ್ತೇನೆ: ಒಲೆ ಹಚ್ಚಬೇಡಿ, ಸ್ಪೀಕರ್ ಹಾಕಬೇಡಿ, ಉಳಿದದ್ದನ್ನು ನೀರಿಗೆ ಎಸೆಯಬೇಡಿ. ಬಾಟಲಿ ಒಡೆದ ಗಾಜು ಎರಡು ಕಡೆ ಕಂಡಿತು. ಅಲ್ಲೇ ಹುಡುಗರು ಬರಿಗಾಲಲ್ಲಿ ಮೀನು ಹಿಡಿಯುತ್ತಾರೆ. ನೋಡಿ ತುಂಬಾ ಬೇಜಾರಾಯಿತು.

ಮೊಸಳೆಯೂ ಈ ಹೊಳೆಯಲ್ಲಿ ಇದೆ. ಅದಕ್ಕಿಂತ ಜಾಸ್ತಿ ಭಯ ನೀರಿನದೇ. ಮೇಲೆ ಸಪಾಟಾಗಿ ಕಂಡರೂ ಬಂಡೆಗಳ ನಡುವೆ ಸುಳಿ ಇರುತ್ತದೆ. 2025ರ ಫೆಬ್ರವರಿಯಲ್ಲಿ ಇಲ್ಲೇ ಹತ್ತಿರದ ಊರಾದ ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಹಾರಿದ ಯುವ ವೈದ್ಯೆಯೊಬ್ಬರು ಕೊಚ್ಚಿಹೋದರು. ಈಜು ಬರುತ್ತದೆ ಅನ್ನುವ ಧೈರ್ಯ ಇಲ್ಲಿ ಬೇಡ. ಕಾಲು ತೊಳೆಯುವುದಿದ್ದರೆ ಊರವರು ಇಳಿಯುವ ಕಡೆ ಮಾತ್ರ. ಮಳೆಗಾಲದಲ್ಲಂತೂ ಈ ಪ್ಲಾನೇ ಬೇಡ. ಮೇಲೆ 33 ಗೇಟಿನ ತುಂಗಭದ್ರಾ ಜಲಾಶಯ ಇದೆ, ಅಲ್ಲಿ ಬಿಟ್ಟ ನೀರು ಇಲ್ಲಿಗೇ ಬರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆ ಅಲ್ವಾ? ಗೇಟು ತೆರೆದಿದ್ದಾರೆ ಅಂತ ಸುದ್ದಿ ಬಂದರೆ ಹೊಳೆದಂಡೆ ಬಿಟ್ಟು ಊರು ನೋಡಿ.

ಕತ್ತಲಾದ ಮೇಲೆ ಹೊಳೆ, ಕೆರೆ, ಕಾಲುವೆ ದಂಡೆಯಲ್ಲಿ ಕೂರಬೇಡಿ. ನಕ್ಷತ್ರ ನೋಡೋಣ ಅಂತ ಮನಸ್ಸಾಗುತ್ತದೆ, ನನಗೂ ಆಯಿತು. ಆದರೆ 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ಹಾಗೆ ಕೂತಿದ್ದ ಪ್ರವಾಸಿಗರ ಮೇಲೆ ಘೋರ ಹಲ್ಲೆ ನಡೆಯಿತು, ಒಬ್ಬರು ಪ್ರಾಣ ಕಳೆದುಕೊಂಡರು. ಊರಿನ ಜನ ಎಷ್ಟೇ ಒಳ್ಳೆಯವರಾಗಿರಲಿ, ನಿರ್ಜನ ಜಾಗದಲ್ಲಿ ರಾತ್ರಿ ಯಾರೂ ಜೊತೆಗಿರುವುದಿಲ್ಲ. ಅದಕ್ಕೇ ಆಟೋವನ್ನು ಆರೂಕಾಲಿಗೇ ಹೇಳಿಟ್ಟದ್ದು.

ಶನಿವಾರ ಅಂಜನಾದ್ರಿಗೆ ಜನ ಜಾಸ್ತಿ, ಬಸ್ಸುಗಳು ತುಂಬಿರುತ್ತವೆ. ಡಿಸೆಂಬರಿನಲ್ಲಿ ಹನುಮಮಾಲೆ ಬಿಚ್ಚುವ ದಿನಗಳಲ್ಲೂ ಅಷ್ಟೇ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಯಾವಾಗ ಅಂತ ನೋಡಿಕೊಳ್ಳಿ. ಜಾತ್ರೆಗೇ ಹೋಗುವುದಾದರೆ ಅದು ಬೇರೆ ಖುಷಿ, ಬಸ್ಸಲ್ಲಿ ಸೀಟು ಮಾತ್ರ ಕೇಳಬೇಡಿ.

ಆರು ಗಂಟೆಗೆ ಚಾದರ ಮಡಚಿ ರಸ್ತೆಗೆ ಬಂದೆವು. ಆಟೋ ಆಗಲೇ ನಿಂತಿತ್ತು. ಮಗನ ಬಸ್ ಟಿಕೆಟ್ 10, ರೊಟ್ಟಿ ಪಲ್ಯ 160, ಮೊಸರು 20, ಒಗ್ಗರಣೆ ಮಿರ್ಚಿ 60, ಬಾಳೆಹಣ್ಣು 40, ಚಹಾ 30, ಆಟೋ 300. ಹರಿಗೋಲು ಬಿಟ್ಟರೆ ಮೂವರಿಗೆ ಆ ಸಂಜೆ 620 ರೂಪಾಯಿಯಲ್ಲಿ ಮುಗಿಯಿತು.

ಹಿಂದಿನ ರಾತ್ರಿ ಚಹಾ ಕೊಟ್ಟ ಹಿರಿಯರ ಅಂಗಡಿ ಮುಂದೆ ಆಟೋ ನಿಲ್ಲಿಸಿಕೊಂಡೆವು. ಅಮ್ಮ ಇಳಿದು, ಉಳಿದಿದ್ದ ಬಾಳೆಹಣ್ಣನ್ನು ಅವರ ಮೊಮ್ಮಗಳ ಕೈಗೆ ಕೊಟ್ಟರು. "ಇವತ್ತು ಲಗೂನ ಹೊಂಟ್ರಲ್ಲ, ಛಲೋ ಆತು" ಅಂದರು ಅವರು.