ಮಂಗಳೂರಿನಲ್ಲಿ ಎರಡು ದಿನ: ತಿಂಡಿಯ ಹೊತ್ತಿಗೆ ತಕ್ಕ ತಿರುಗಾಟ

ಮಂಗಳೂರಿಗೆ ಹೊರಟವರಿಗೆ ನನ್ನದು ಒಂದೇ ಮಾತು. ನೋಡುವ ಜಾಗಗಳ ಪಟ್ಟಿಯನ್ನು ಆಮೇಲೆ ಮಾಡಿ. ಯಾವ ತಿಂಡಿ ಯಾವ ಹೊತ್ತಿಗೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬನ್ಸ್ ಬೆಳಗಿನದು, ಮೀನೂಟ ನಡುಹಗಲಿನದು, ಗೋಳಿಬಜೆ ಸಂಜೆಯದು, ಗಡ್‌ಬಡ್ ಐಸ್‌ಕ್ರೀಮ್ ರಾತ್ರಿ ಊಟವಾದ ಮೇಲಿನದು. ಹೊತ್ತು ತಪ್ಪಿದರೆ ರುಚಿಯೂ ತಪ್ಪುತ್ತದೆ. ಮೊದಲ ದಿನ ನಮಗೆ ಹಾಗೆಯೇ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ನಾವು ನಾಲ್ವರು ಗೆಳತಿಯರು, ದಾವಣಗೆರೆಯಲ್ಲಿ ಒಂದೇ ಕಚೇರಿಯಲ್ಲಿ ಕೆಲಸ ಮಾಡುವವರು. ಡಿಸೆಂಬರಿನ ಎರಡನೇ ಶನಿವಾರ ಮತ್ತು ಭಾನುವಾರವನ್ನು ಹಿಡಿದುಕೊಂಡು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆವು. ಇಬ್ಬರು ಮೀನು ತಿನ್ನುವವರು, ಇಬ್ಬರು ಮೊಟ್ಟೆಯನ್ನೂ ಮುಟ್ಟದವರು. ಇಂಥ ಗುಂಪಿಗೆ ಕರಾವಳಿ ಸರಿಹೋಗುತ್ತದೆಯೇ ಎಂದು ಹೊರಡುವ ಮೊದಲು ಬಹಳ ಜನ ಕೇಳಿದರು. ಚೆನ್ನಾಗಿಯೇ ಸರಿಹೋಗುತ್ತದೆ.

ಮೊದಲು ಇಳಿಯುವ ವಿಷಯ. ಕೆಎಸ್ಆರ್‌ಟಿಸಿ ಬಸ್ಸುಗಳು ನಿಲ್ಲುವುದು ಬಿಜೈಯಲ್ಲಿ. ಸಿಟಿ ಬಸ್ಸುಗಳು ಮತ್ತು ಉಡುಪಿ ಕಡೆಯ ಖಾಸಗಿ ಬಸ್ಸುಗಳು ಹೊರಡುವುದು ಸ್ಟೇಟ್‌ಬ್ಯಾಂಕ್ ಎಂಬ ನಿಲ್ದಾಣದಿಂದ. ಹೊಸಬರು ಆ ಹೆಸರು ಕೇಳಿ ಬ್ಯಾಂಕನ್ನು ಹುಡುಕಿಕೊಂಡು ಹೋಗಬೇಡಿ, ಅದು ಬಸ್ ನಿಲ್ದಾಣದ ಹೆಸರೇ. ರೈಲಿನಲ್ಲಿ ಬರುವವರು ಟಿಕೆಟ್ಟಿನಲ್ಲಿ ಸೆಂಟ್ರಲ್ ಎಂದಿದೆಯೋ ಜಂಕ್ಷನ್ ಎಂದಿದೆಯೋ ನೋಡಿಕೊಳ್ಳಿ. ಸೆಂಟ್ರಲ್ ಊರಿನ ನಡುವೆ ಇದೆ, ಜಂಕ್ಷನ್ ದೂರ, ಪಡೀಲಿನ ಕಡೆ. ಕೋಣೆಯನ್ನು ಹಂಪನಕಟ್ಟೆಯ ಆಸುಪಾಸಿನಲ್ಲಿ ಹಿಡಿದರೆ ಮಾರುಕಟ್ಟೆ, ರಥಬೀದಿ, ಬಂದರು ಎಲ್ಲವೂ ನಡಿಗೆಯ ಅಳತೆಯಲ್ಲಿರುತ್ತವೆ. ನಾವು ಹತ್ತಿದ ರಿಕ್ಷಾಗಳೆಲ್ಲ ಕೇಳುವ ಮೊದಲೇ ಮೀಟರ್ ಹಾಕಿದವು. ಬೇರೆ ಊರುಗಳ ಚೌಕಾಸಿಗೆ ಒಗ್ಗಿದ ನಮಗೆ ಅದೇ ಮೊದಲ ಸಂತೋಷ.

ಬೆಳಗಿನ ಜಾವ ಇಳಿದು, ಚೀಲಗಳನ್ನು ಕೋಣೆಯಲ್ಲಿ ಎಸೆದು, ಮೀನು ತಿನ್ನುವ ನಾವಿಬ್ಬರು ನೇರ ದಕ್ಕೆಗೆ ಹೋದೆವು. ದಕ್ಕೆ ಎಂದರೆ ದೋಣಿಗಳು ಬಂದು ಮೀನು ಇಳಿಸುವ ಹಳೆ ಬಂದರಿನ ಕಟ್ಟೆ. ಇನ್ನೂ ಬೆಳಕು ಹರಿದಿರಲಿಲ್ಲ. ದೋಣಿಯ ದೀಪಗಳ ಕೆಳಗೆ ಬುಟ್ಟಿ ಬುಟ್ಟಿ ಬಂಗುಡೆ ನೀಲಿ ಬೆನ್ನು ಮೇಲೆ ಮಾಡಿಕೊಂಡು ಹೊಳೆಯುತ್ತಿತ್ತು. ಪಕ್ಕದಲ್ಲಿ ಬೆಳ್ಳಿಯಂಥ ಬೂತಾಯಿ, ಮೂಲೆಯಲ್ಲಿ ಆಳುದ್ದದ ಅಂಜಲ್. ಏಲಂ ಕೂಗುವವರು ತುಳುವಿನಲ್ಲಿ ಎಣಿಸುತ್ತಿದ್ದರು, ಮೀನು ಮಾರುವ ಹೆಂಗಸರು ಒಂದು ಬೆರಳೆತ್ತಿ ಬುಟ್ಟಿಯನ್ನು ತಮ್ಮದಾಗಿಸಿಕೊಳ್ಳುತ್ತಿದ್ದರು. ನೆಲವೆಲ್ಲ ನೀರು, ಮಂಜುಗಡ್ಡೆ, ಪೊರೆ. ಹಿಡಿತವಿರುವ ಚಪ್ಪಲಿ ಹಾಕಿಕೊಂಡು ಹೋಗಿ, ಉದ್ದ ಲಂಗ, ಸೀರೆ ಬೇಡ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ. ಒಬ್ಬ ಹಿರಿಯ ಹೆಂಗಸು ನಮ್ಮನ್ನು ಕರೆದು, ಮೀನಿನ ಕಿವಿರು ಎತ್ತಿ ತೋರಿಸಿ, "ಹೀಗೆ ಕೆಂಪಾಗಿ ಇದ್ದರೆ ಮಾತ್ರ ತೆಗೆದುಕೊಳ್ಳಿ ಅಕ್ಕ" ಎಂದು ಕಲಿಸಿದರು. ನಾವು ಕೊಳ್ಳುವವರಲ್ಲ ಎಂದು ಅವರಿಗೆ ಗೊತ್ತಿತ್ತು, ಆದರೂ ಕಲಿಸಿದರು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಸಂತಾನ ಬೆಳೆಯಲೆಂದು ಮಾಡಿದ ನಿಯಮ ಅದು. ಆ ಎರಡು ತಿಂಗಳು ನಾಡದೋಣಿಯವರು ತಂದಷ್ಟೇ ತಾಜಾ ಮೀನು, ಬೆಲೆಯೂ ಏರಿರುತ್ತದೆ. ಮೀನಿಗಾಗಿಯೇ ಹೋಗುವವರು ಮಳೆಗಾಲ ಮುಗಿದ ಮೇಲೆ ಹೋಗಿ. ಕೆಸುವಿನ ಎಲೆಯ ಪತ್ರೊಡೆ ತಿನ್ನುವ ಆಸೆಯಿದ್ದವರಿಗೆ ಮಾತ್ರ ಮಳೆಗಾಲವೇ ಸರಿ.

ಬೆಳಗಿನ ತಿಂಡಿಗೆ ನಾಲ್ವರೂ ಒಂದಾದೆವು. ಬನ್ಸ್ ಎಂದ ಕೂಡಲೇ ಬೇಕರಿಯ ಬನ್ ನೆನಪಾದರೆ ಅದನ್ನು ಮರೆತುಬಿಡಿ. ಹಣ್ಣಾದ ಬಾಳೆಹಣ್ಣನ್ನು ಕಿವುಚಿ, ಮೊಸರು, ಸಕ್ಕರೆ, ಮೈದಾ, ಚೂರು ಜೀರಿಗೆ ಸೇರಿಸಿ ನಾದಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ತಟ್ಟೆಗೆ ಬಂದದ್ದನ್ನು ಮುರಿದಾಗ ಒಳಗೆ ಜೇನುಗೂಡಿನಂಥ ಎಳೆಗಳು, ಬಾಳೆಹಣ್ಣಿನ ಪರಿಮಳದ ಹಬೆ. ಸಿಹಿ ಬನ್ಸಿಗೆ ಖಾರದ ಕಾಯಿ ಚಟ್ನಿ ಏಕೆ ಎಂದು ಮೊದಲ ತುತ್ತಿನವರೆಗೆ ಅನಿಸುತ್ತದೆ, ಎರಡನೆಯದಕ್ಕೆ ಚಟ್ನಿಯಿಲ್ಲದೆ ಆಗುವುದಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಸಿಕ್ಕಿದರೂ ಅದು ಆರಿದ ಬನ್ಸ್. ಬೇಗ ಏಳಿ.

ಅಲ್ಲಿಂದ ಬಾವುಟಗುಡ್ಡೆ. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದುಬಂದ ರೈತರು ಬ್ರಿಟಿಷರ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿದ ಗುಡ್ಡ ಅದು. ಹೆಸರು ಬಂದದ್ದೂ ಅದರಿಂದಲೇ. ಅಲ್ಲಿಯೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಕಲಾವಿದರು 1899ರಲ್ಲಿ ಕುಂಚ ಹಿಡಿದು ಗೋಡೆ, ಕಮಾನು, ಚಾವಣಿ ಒಂದನ್ನೂ ಬಿಡದೆ ಚಿತ್ರ ತುಂಬಿದ್ದಾರೆ. ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಬರುವವರನ್ನು ಕಂಡೆವು. ದಯವಿಟ್ಟು ಹಾಗೆ ಮಾಡಬೇಡಿ. ಬೆಂಚಿನ ಮೇಲೆ ಕುಳಿತು ತಲೆ ಹಿಂದಕ್ಕೆ ವಾಲಿಸಿ ಕಣ್ಣು ಒಗ್ಗುವವರೆಗೆ ಸುಮ್ಮನಿರಿ, ಮುಖಗಳು ಒಂದೊಂದಾಗಿ ಹೊರಗೆ ಬರುತ್ತವೆ. ಮೊಬೈಲನ್ನು ಚೀಲದಲ್ಲಿಯೇ ಇಡಿ. ಅದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ.

ನಾವು ಅಲ್ಲಿ ಬಹಳ ಹೊತ್ತು ಕುಳಿತೆವು, ಬಳಿಕ ಅಂಗಡಿ ಬೀದಿಯಲ್ಲಿ ಸುತ್ತಿದೆವು. ಬಂದರಿನ ಬಳಿ ಮೀನೂಟದ ಹೋಟೆಲಿಗೆ ತಲುಪುವಾಗ ಮೂರು ಗಂಟೆ ಸಮೀಪಿಸಿತ್ತು. ಬೆಂಚುಗಳನ್ನು ಒರೆಸುತ್ತಿದ್ದರು. "ಊಟ ಮುಗಿಯಿತಲ್ಲ, ನಾಳೆ ಸ್ವಲ್ಪ ಬೇಗ ಬನ್ನಿ" ಎಂದರು. ಅವರ ತಪ್ಪಲ್ಲ. ಬೆಳಗ್ಗೆ ತಂದ ಮೀನು ಮಧ್ಯಾಹ್ನಕ್ಕೆ ಖಾಲಿಯಾಗಬೇಕು, ಅದೇ ಅಲ್ಲಿನ ಊಟದ ಗುಟ್ಟು. ಆ ಜಾವದ ದಕ್ಕೆಯನ್ನು ನೋಡಿಬಂದ ನಮಗೆ ಬರಿಗೈಯಲ್ಲಿ ಹೊರಬರುವುದು ನಿಜಕ್ಕೂ ಬೇಸರವಾಯಿತು.

ಗೋಳಿಬಜೆ ಆ ಬೇಸರವನ್ನು ಕಳೆಯಿತು. ನಾಲ್ಕು ಗಂಟೆಗೆ ಬಾಣಲೆ ಕಾಯುವ ಹೊತ್ತಿಗೆ ಹೋಟೆಲಿನ ಮುಂದೆ ನಿಲ್ಲಿ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟಿಗೆ ಶುಂಠಿ, ಹಸಿಮೆಣಸು, ಕರಿಬೇವು, ಕಾಯಿಚೂರು ಬಿದ್ದಿರುತ್ತದೆ. ಬಾಣಸಿಗರು ಹಿಟ್ಟನ್ನು ಹಿಡಿಯಲ್ಲಿ ಹಿಂಡಿ ಹೆಬ್ಬೆರಳಿನಿಂದ ಉಂಡೆ ಉಂಡೆಯಾಗಿ ಎಣ್ಣೆಗೆ ಬಿಡುವ ವೇಗವನ್ನು ನೋಡುವುದೇ ಒಂದು ಸೊಗಸು. ಮೇಲೆ ಗರಿ, ಒಳಗೆ ಹತ್ತಿ.

ಸಂಜೆಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು. ಕಟ್ಟಡ ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ. ನಿಜವಾದ ಖುಷಿ ಅದರ ಪಕ್ಕದ ಕಡವಿನದು. ಅಲ್ಲಿಂದ ದೋಣಿ ಹತ್ತಿ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ. ಒಂದು ಬದಿ ನದಿ, ಒಂದು ಬದಿ ಕಡಲು, ನಡುವೆ ಗಾಳಿಮರಗಳ ಸಾಲು. ರಸ್ತೆಯಲ್ಲಿ ಸುತ್ತಿಕೊಂಡು ಬರುವುದಕ್ಕಿಂತ ಈ ದೋಣಿಯ ದಾರಿ ಎಷ್ಟೋ ಚೆಂದ. ಆದರೆ ದಡ ಮುಟ್ಟಿದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನೇ ಕೇಳಿಕೊಳ್ಳಿ. ಸೂರ್ಯ ಮುಳುಗುವವರೆಗೆ ಕುಳಿತು ದೋಣಿ ತಪ್ಪಿಸಿಕೊಂಡವರ ಕಥೆಗಳು ಅಲ್ಲಿ ಬೇಕಾದಷ್ಟಿವೆ. ನೀರಿಗೆ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಬಯಲುಸೀಮೆಯ ನಮಗೆ ಕಡಲಿನ ಸೆಳೆತ ಅಂದಾಜಾಗುವುದಿಲ್ಲ.

ತೀರದ ಗಾಡಿಯಲ್ಲಿ ಚರುಮುರಿ ತಿಂದೆವು. ಮಂಡಕ್ಕಿಯ ಊರಿನಿಂದ ಹೋದವರು ನಾವು, ಅದರ ಬಗ್ಗೆ ನಮಗೆ ಗಟ್ಟಿ ಅಭಿಪ್ರಾಯವಿದೆ. ಕರಾವಳಿಯವರು ಅದಕ್ಕೆ ಹಸಿ ತೆಂಗಿನೆಣ್ಣೆ, ತುರಿದ ಕ್ಯಾರೆಟ್, ಈರುಳ್ಳಿ, ಟೊಮೆಟೊ ಹಾಕಿ ಗಲಗಲ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ತೆಂಗಿನೆಣ್ಣೆಯ ಪರಿಮಳಕ್ಕೆ ನಾನು ಸೋತೆ. ಮಿರ್ಚಿ ಜೊತೆಗಿನ ನಮ್ಮ ಮಂಡಕ್ಕಿಯೇ ಮೇಲೆಂದು ಗೆಳತಿ ವಾದಿಸಿದಳು. ವಾದ ಇನ್ನೂ ಮುಗಿದಿಲ್ಲ.

ರಾತ್ರಿ ಗಡ್‌ಬಡ್. 1975ರಲ್ಲಿ ಹಂಪನಕಟ್ಟೆಯ ಬಳಿ ಶುರುವಾದ ಐಡಿಯಲ್ ಐಸ್‌ಕ್ರೀಮ್ ಮಂಗಳೂರಿನವರ ಮನೆಮಾತು, ಇದೇ ಊರಿನ ಲಾಲ್‌ಬಾಗಿನಲ್ಲಿರುವ ಪಬ್ಬಾಸ್ ಎಂಬ ಐಸ್‌ಕ್ರೀಮ್ ಅಂಗಡಿಯೂ ಅವರದೇ. ಎತ್ತರದ ಗಾಜಿನ ಲೋಟ, ತಳದಲ್ಲಿ ಜೆಲ್ಲಿ, ಮೇಲೆ ಹಣ್ಣಿನ ಹೋಳು, ಒಂದರ ಮೇಲೊಂದು ಐಸ್‌ಕ್ರೀಮಿನ ಉಂಡೆ, ನಡುನಡುವೆ ಗೋಡಂಬಿ. ಉದ್ದ ಚಮಚವನ್ನು ತಳದವರೆಗೆ ಇಳಿಸಿ ಎಲ್ಲ ಪದರವೂ ಒಂದೇ ಬಾಯಿಗೆ ಬರುವಂತೆ ತೆಗೆಯಬೇಕು. ಗಡ್‌ಬಡ್ ಹುಟ್ಟಿದ್ದು ತಮ್ಮ ಊರಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ, ಈ ಮಾತನ್ನು ಮಂಗಳೂರಿನಲ್ಲಿ ಎತ್ತದಿರುವುದು ಒಳ್ಳೆಯದು. ಶನಿವಾರ ರಾತ್ರಿ ಜನ ಕಿಕ್ಕಿರಿದಿರುತ್ತಾರೆ, ಕುರ್ಚಿಗೆ ಕಾಯಬೇಕಾಗಬಹುದು.

ಕೋಣೆಗೆ ಹೋಗಿ ಮಲಗುವವರಿದ್ದೆವು. ಲಾಡ್ಜಿನ ಮೇಜಿನ ಮೇಲಿದ್ದ ದಿನಪತ್ರಿಕೆಯಲ್ಲಿ ಅಂದಿನ ಯಕ್ಷಗಾನಗಳ ಪಟ್ಟಿ ಕಣ್ಣಿಗೆ ಬಿತ್ತು. ನವೆಂಬರಿನಿಂದ ಮೇ ತಿಂಗಳವರೆಗೆ ಮೇಳಗಳು ತಿರುಗಾಟದಲ್ಲಿರುತ್ತವೆ, ಊರಿನ ಸುತ್ತಮುತ್ತ ಎಲ್ಲೋ ಒಂದು ಕಡೆ ಆಟ ಇದ್ದೇ ಇರುತ್ತದೆ. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ರಿಕ್ಷಾದಲ್ಲಿ ಹೋದೆವು. ಗದ್ದೆಯಲ್ಲಿ ಚಪ್ಪರ, ಸಾಲು ಕುರ್ಚಿ, ಚೆಂಡೆಯ ಪೆಟ್ಟು ಎದೆಗೆ ಬಡಿಯುವಷ್ಟು ಹತ್ತಿರ. ಒಮ್ಮೆಗೇ ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಿದರೆ ಜನರ ನಡುವಿನ ದಾರಿಯಲ್ಲಿ ದೊಂದಿ ಹಿಡಿದವರೊಂದಿಗೆ ಮಹಿಷಾಸುರ ಬರುತ್ತಿದ್ದಾನೆ. ದೊಡ್ಡ ಕೋಡು, ಎರಚಿದ ರಾಳದ ಪುಡಿಗೆ ಭಗ್ಗೆನ್ನುವ ಬೆಂಕಿ, ಕುರ್ಚಿಯ ಮೇಲೆ ನಿಂತ ಮಕ್ಕಳ ಕಿರುಚು. ನನ್ನ ಪಕ್ಕದಲ್ಲಿದ್ದ ಅಜ್ಜಿ ಎದ್ದು ನಿಂತು ಕೈಮುಗಿದರು. ನನ್ನ ಕೈಯೂ ತಾನಾಗಿ ಮುಗಿಯಿತು. ಆ ಎರಡು ದಿನಗಳಲ್ಲಿ ನಾನು ಮರೆಯಲಾರದ ಗಳಿಗೆ ಅದು. ಹೋಗುವವರು ಶಾಲು ಒಯ್ಯಿರಿ, ಇಬ್ಬನಿ ಬೀಳುತ್ತದೆ. ವಾಪಸು ಬರಲು ರಿಕ್ಷಾದವರನ್ನು ಮೊದಲೇ ಮಾತನಾಡಿಸಿ ಇಟ್ಟುಕೊಳ್ಳಿ.

ಭಾನುವಾರ ತಡವಾಗಿ ಎದ್ದೆವು. ಕದ್ರಿ ಮಂಜುನಾಥನ ಗುಡಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ತಪ್ಪದೆ ನೋಡಿ. ಸಾವಿರ ವರ್ಷದ ಹಿಂದೆ ಎರಕ ಹೊಯ್ದವರ ಕೈಗೆ ನಮಸ್ಕಾರ. ತಿಂಡಿಗೆ ರಥಬೀದಿಯ ಕಡೆ ಬಂದೆವು. ಶಾಕಾಹಾರಿ ಗೆಳತಿಯರ ಹಬ್ಬ ಅಲ್ಲಿ. ಹಲಸಿನ ಎಲೆಯ ಕೊಟ್ಟೆ ಕಡುಬು, ಮುಂಡೇವಿನ ಎಲೆ ಸುತ್ತಿ ಬೇಯಿಸಿದ ಇಡ್ಲಿಯಂಥ ಮೂಡೆ, ಬಿಸ್ಕುಟ್ ಅಂಬಡೆ ಎಂಬ ಉದ್ದಿನ ವಡೆ, ಕರವಸ್ತ್ರದಂತೆ ಮಡಚಿಟ್ಟ ನೀರುದೋಸೆಗೆ ಬೆಲ್ಲ ಬೆರೆಸಿದ ಕಾಯಿತುರಿ. ಬೆಣ್ಣೆದೋಸೆಯ ಊರಿನವರೇ ನಾಲ್ಕು ನಾಲ್ಕು ತಿಂದರು ಎಂದ ಮೇಲೆ ಹೆಚ್ಚು ಹೇಳಬೇಕಿಲ್ಲ.

ಈ ಸಲ ಹನ್ನೆರಡೂವರೆಗೇ ಮೀನೂಟದ ಬೆಂಚಿನಲ್ಲಿ ನಾವಿಬ್ಬರು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ ಎಲೆಗೆ ಬರುತ್ತದೆ. ದಪ್ಪ ಅನ್ನ ಒಗ್ಗದವರು ಬೆಳ್ತಿಗೆ ಅನ್ನ ಎಂದು ಕೇಳಿ. ಹುರಿದ ಮೀನನ್ನು ತಟ್ಟೆಯಲ್ಲಿ ಜೋಡಿಸಿ ಮುಂದೆ ಹಿಡಿಯುತ್ತಾರೆ, ಬೆರಳು ತೋರಿಸಿ ಆರಿಸಿಕೊಳ್ಳಬೇಕು. ಬಂಗುಡೆ ಅಗ್ಗ. ಕಾಣೆ, ಅಂಜಲ್, ಮಾಂಜಿಯ ಬೆಲೆ ಗಾತ್ರಕ್ಕೂ ದಿನಕ್ಕೂ ತಕ್ಕಂತೆ ಬದಲಾಗುತ್ತದೆ, ಆರಿಸುವ ಮೊದಲೇ ಕೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಮುಳ್ಳಿಗೆ ಹೆದರುವವರಿಗೆ ಕಾಣೆ. ಬೆನ್ನಿನ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಿಳಿ ಮಾಂಸ ಎರಡು ಬದಿಗೂ ಸರಿದು ನಡುಮುಳ್ಳು ಇಡಿಯಾಗಿ ಕೈಗೆ ಬರುತ್ತದೆ. ನಾನು ಬಂಗುಡೆ ಪುಳಿಮುಂಚಿಯನ್ನೂ ಕೇಳಿದೆ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಿನಷ್ಟೇ ನೇರವಾದ ರುಚಿ. ಕೊನೆಗೆ ಒಂದು ಲೋಟ ಪುನರ್ಪುಳಿ (ಕೋಕಂ) ಶರಬತ್ತು ಕುಡಿದರೆ ಬಾಯಿಯ ಉರಿ ಇಳಿಯುತ್ತದೆ.

ಇಷ್ಟರ ನಡುವೆ ಉಡುಪಿ, ಮಲ್ಪೆಯನ್ನೂ ತುರುಕಬೇಕೆಂದು ಹೊರಟಿದ್ದೆವು. ಬಿಟ್ಟದ್ದೇ ಒಳ್ಳೆಯದಾಯಿತು. ಮಧ್ಯಾಹ್ನದ ಸೆಕೆಯಲ್ಲಿ ಎರಡು ತಾಸು ಕೋಣೆಯಲ್ಲಿ ಮಲಗಿದೆವು. ಆ ಊರಿನಲ್ಲಿ ಡಿಸೆಂಬರಿನಲ್ಲಿಯೂ ಬೆವರು ತಪ್ಪುವುದಿಲ್ಲ, ಹತ್ತಿಬಟ್ಟೆಯನ್ನೇ ಒಯ್ಯಿರಿ. ಎದ್ದ ಮೇಲೆ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಂಡೆವು. ಅಲ್ಲಿ ಮೊಳದ ಲೆಕ್ಕವಿಲ್ಲ, ಚೆಂಡು, ಅಟ್ಟೆಯ ಲೆಕ್ಕ, ದರವೂ ದಿನದಿನಕ್ಕೆ ಬೇರೆ.

ಬಸ್ಸಿಗೆ ಮುಂಚಿನ ಊಟ ಕೋರಿರೊಟ್ಟಿ. ಗರಿಗರಿ ಅಕ್ಕಿರೊಟ್ಟಿಯನ್ನು ಮುರಿದು ಮೇಲೆ ತೆಂಗಿನಹಾಲಿನ ಕೋಳಿಸಾರು ಸುರಿದು ಒಂದು ನಿಮಿಷ ತಾಳಿ. ಅರ್ಧ ಮೆತ್ತಗಾಗಿ ಅರ್ಧ ಗರಿಯಾಗಿರುವಾಗ ಕೈಹಾಕಬೇಕು. ಮನೆಗೆ ಒಯ್ಯಲು ರೊಟ್ಟಿಯ ಪೊಟ್ಟಣ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಬಹಳ ದಿನ ಕೆಡುವುದೂ ಇಲ್ಲ. ಚೀಲದ ತಳದಲ್ಲಿ ಇಟ್ಟರೆ ಘಾಟಿಯ ತಿರುವಿನಲ್ಲಿ ಪುಡಿಯಾಗುತ್ತದೆ. ನಾನು ಎರಡು ಪೊಟ್ಟಣಗಳನ್ನು ದಾವಣಗೆರೆಯವರೆಗೂ ಮಡಿಲಲ್ಲಿ ಇಟ್ಟುಕೊಂಡೇ ಬಂದೆ, ಒಂದು ಚೂರೂ ಮುರಿಯಲಿಲ್ಲ.