ಮೈತ್ರಿ ಸೇತುವೆಯ ಆಚೆ

ಮೋತಿಹಾರಿ ದಾಟಿ ರಕ್ಸೌಲ್ ಕಡೆಗೆ ಹೊರಟ ರೈಲು ಸುಗೌಲಿ ಜಂಕ್ಷನ್ನಿನಲ್ಲಿ ನಿಂತಾಗ ನಮ್ಮ ಬೋಗಿಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಆದರೆ ನೇಪಾಳದಲ್ಲಿ ಶಾಲೆಗೆ ಹೋದವರನ್ನು ಕೇಳಿ, ಬಿಹಾರದ ಈ ಸಣ್ಣ ಊರಿನ ಹೆಸರು ಅವರಿಗೆ ಬಾಯಿಪಾಠ. 1816ರಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದದಿಂದ ಗೋರ್ಖಾ ಅರಸರು ಕುಮಾವೂಂ, ಗಢವಾಲ್‌ಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಪಶ್ಚಿಮಕ್ಕೆ ಕಾಳಿ ನದಿಯೇ ಗಡಿ ಎಂದಾಯಿತು. ಆ ನದಿ ಹುಟ್ಟುವುದು ಎಲ್ಲಿ ಎಂಬ ತಕರಾರು ಮಾತ್ರ ಇಂದಿಗೂ ಹಾಗೇ ಇದೆ. ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾಗಳನ್ನು ತನ್ನವೆಂದು ತೋರಿಸುವ ನಕಾಶೆಯನ್ನು ನೇಪಾಳ 2020ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡಿತು.

ರಕ್ಸೌಲಿನಿಂದ ಗಡಿಯಾಚೆಯ ಬೀರ್‌ಗಂಜಿಗೆ ಟಾಂಗಾದಲ್ಲಿ ಹೋದೆ. ವೀಸಾ ಕೇಳುವವರಿಲ್ಲ, ಚೀಲ ಬಿಚ್ಚಿಸಿದವರೂ ಇಲ್ಲ. ನಡುವೆ ಸಿರ್ಸಿಯಾ ನದಿ. ಬೀರ್‌ಗಂಜಿನ ಕಾರ್ಖಾನೆಗಳ ಕೊಳೆ ಹೊತ್ತು ಕಪ್ಪಾಗಿ ಭಾರತದ ಕಡೆ ಹರಿಯುತ್ತದೆ. ದೊಡ್ಡ ದೇಶಕ್ಕೆ ಚಿಕ್ಕ ದೇಶದಿಂದ ಆಗುವ ಉಪದ್ರವವೂ ಉಂಟಲ್ಲ ಎಂದುಕೊಂಡು ಮೂಗು ಮುಚ್ಚಿಕೊಂಡೆ. ಸೇತುವೆ ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಬೇಕು. ನೂರು ರೂಪಾಯಿ ಕೊಟ್ಟರೆ ನೂರ ಅರವತ್ತು ನೇಪಾಳಿ ರೂಪಾಯಿ ಸಿಗುತ್ತದೆ. 1993ರಿಂದ ಈ ದರ ಅಲುಗಾಡಿಲ್ಲ. ಸಮಯ ಅವರದೇ, ಹಣದ ಲೆಕ್ಕ ಮಾತ್ರ ನಮ್ಮದಕ್ಕೆ ಕಟ್ಟಿಕೊಂಡಿದೆ.

ಈ ಸೇತುವೆಯ ಹೆಸರು ಮೈತ್ರಿ. 2015ರ ಸೆಪ್ಟೆಂಬರಿನಲ್ಲಿ ನೇಪಾಳ ಹೊಸ ಸಂವಿಧಾನ ಒಪ್ಪಿಕೊಂಡ ಬೆನ್ನಿಗೇ ಸರಕು ನಿಂತುಹೋದದ್ದೂ ಇಲ್ಲಿಯೇ. ಆ ಸಂವಿಧಾನವನ್ನು ಒಪ್ಪದ ಮಧೇಶಿಗಳು, ಅಂದರೆ ಭಾರತದ ಗಡಿಗೆ ತಾಗಿದ ತರಾಯಿ ಬಯಲಿನ ಜನ, ಸೇತುವೆಯ ಮೇಲೆ ಪ್ರತಿಭಟನೆಗೆ ಕುಳಿತರು. ದಿಗ್ಬಂಧನ ತನ್ನದಲ್ಲ, ಪ್ರತಿಭಟನೆಯಿಂದಾಗಿ ಲಾರಿಗಳು ಹೋಗುತ್ತಿಲ್ಲ ಎಂದು ಭಾರತ ಸರ್ಕಾರ ಹೇಳಿತು. ಕಾಠ್ಮಂಡುವಿನಲ್ಲಿ ಆ ಮಾತನ್ನು ನಂಬಿದವರು ನನಗೆ ಒಬ್ಬರೂ ಸಿಗಲಿಲ್ಲ.

ಬೀರ್‌ಗಂಜಿನಿಂದ ಮುಂದಕ್ಕೆ ಹತ್ತಿದ್ದು ಚೀನಾದಲ್ಲಿ ತಯಾರಾದ ವಿದ್ಯುತ್ ವ್ಯಾನು. ದಾರಿಯಲ್ಲಿ ಅಮ್ಲೇಖ್‌ಗಂಜ್ ಬಂತು. ಮೋತಿಹಾರಿಯಿಂದ 69 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬರುವ ಡೀಸೆಲ್ ಇಲ್ಲಿನ ಡಿಪೋ ಸೇರುತ್ತದೆ. 2019ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಉದ್ಘಾಟಿಸಿದ್ದು. "ಕೊಳವೆ ಒಳ್ಳೆಯದೇ, ಆದರೆ ಅದರ ಸ್ವಿಚ್ಚು ಇರುವುದು ನಿಮ್ಮ ಕಡೆ," ಎಂದ ಚಾಲಕ. ತನ್ನ ವ್ಯಾನಿಗೆ ನೇಪಾಳದ ನದಿಗಳ ಕರೆಂಟೇ ಸಾಕು ಎಂಬ ಬಿಗುಮಾನ ಅವನಿಗೆ. ಮಳೆಗಾಲದಲ್ಲಿ ಹೆಚ್ಚಾದ ಆ ಕರೆಂಟನ್ನು ಬಹುಪಾಲು ಭಾರತಕ್ಕೇ ಮಾರಬೇಕು, ಚೀನಾದ ಬಂಡವಾಳವಿರುವ ಯೋಜನೆಯದಾದರೆ ಭಾರತ ಕೊಳ್ಳುವುದಿಲ್ಲ ಎಂಬುದನ್ನು ನಾನು ಎತ್ತಲಿಲ್ಲ. ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ ಅದು.

ಕಾಠ್ಮಂಡುವಿನಲ್ಲಿ ಉಳಿದುಕೊಂಡ ವಸತಿಗೃಹದ ಒಡತಿ ಅಡುಗೆಮನೆಗೇ ಕರೆದು ಊಟ ಬಡಿಸಿದರು. ಗ್ಯಾಸ್ ಒಲೆಯ ಪಕ್ಕದಲ್ಲಿ ಇಂಡಕ್ಷನ್ ಒಲೆ, ಮೂಲೆಯಲ್ಲಿ ಮಸಿ ಹಿಡಿದ ಕಬ್ಬಿಣದ ಸೌದೆ ಒಲೆ. "ಮೂರು ಯಾಕೆ?" ಎಂದೆ. ಭೂಕಂಪವಾಗಿ ಐದು ತಿಂಗಳಿಗೆ ದಿಗ್ಬಂಧನ ಬಂತಂತೆ. ಸಿಲಿಂಡರನ್ನು ಅರ್ಧ ತುಂಬಿ ಕೊಡುತ್ತಿದ್ದರು. ಅದಕ್ಕೂ ನಸುಕಿನಲ್ಲೇ ಸರದಿ ನಿಲ್ಲಬೇಕಿತ್ತು. ಕುಸಿದ ಅಟ್ಟದ ತೊಲೆಗಳನ್ನು ಸೀಳಿ ಈ ಸೌದೆ ಒಲೆಗೆ ಹಾಕಿದ್ದರು. "ಬೇಳೆಯಲ್ಲೂ ಹೊಗೆ, ಮಕ್ಕಳ ಸಮವಸ್ತ್ರದಲ್ಲೂ ಹೊಗೆ. ಭೂಕಂಪವಾದಾಗ ಮೊದಲು ಓಡಿ ಬಂದವರೂ ನೀವೇ. ಅದಕ್ಕೇ ಹೆಚ್ಚು ನೋವಾಯಿತು." ಇನ್ನೊಂದು ಸೌಟು ಬೇಳೆ ಹಾಕುತ್ತಲೇ ಹೇಳಿದರು. ಆಗ ಉತ್ತರದ ಕೇರುಂಗ್ ದಾರಿಯಿಂದ ಚೀನಾ ಸ್ವಲ್ಪ ಪೆಟ್ರೋಲ್ ಕಳಿಸಿತ್ತು. ಊರಿಗೆಲ್ಲ ಸಾಲುವಷ್ಟಲ್ಲ, ಸುದ್ದಿಗೆ ಸಾಲುವಷ್ಟು. ಮರುವರ್ಷ ಆಗಿನ ಪ್ರಧಾನಿ ಓಲಿಯವರ ಸರ್ಕಾರ ಬೀಜಿಂಗ್ ಜೊತೆ ಸರಕು ಸಾಗಣೆಯ ಒಪ್ಪಂದ ಮಾಡಿಕೊಂಡಿತು.

ಪಶುಪತಿನಾಥನ ಗುಡಿಗೆ ಕನ್ನಡಿಗರು ತುಸು ಸಲಿಗೆಯಿಂದಲೇ ಹೋಗುತ್ತೇವೆ. ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜಿಸುವ ಭಟ್ಟರು ಕರ್ನಾಟಕದ ಕಡೆಯವರು, ಶತಮಾನಗಳ ಪದ್ಧತಿ. ಪಡುವಣ ಬಾಗಿಲ ದೊಡ್ಡ ನಂದಿಯ ಹಿಂದೆ ನಿಂತರೆ ಅವರ ಬೆನ್ನಷ್ಟೇ ಕಂಡಿತು. 2009ರ ಆಸುಪಾಸಿನಲ್ಲಿ ಮಾವೋವಾದಿ ಸರ್ಕಾರ ಇವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ತರಲು ಹೋಗಿ, ಸುಪ್ರೀಂ ಕೋರ್ಟಿನ ತಡೆಯೂ ಬೀದಿಯ ಪ್ರತಿಭಟನೆಯೂ ಎದುರಾಗಿ ಹಿಂದೆ ಸರಿಯಿತು. ಅದೇ ವರ್ಷ, ಹೊಸದಾಗಿ ಬಂದ ಭಟ್ಟರ ಮೇಲೆ ಹಲ್ಲೆಯೂ ಆಯಿತು.

ಹೊರಗೆ ರುದ್ರಾಕ್ಷಿ ಮಾರುವ ತಾಯಿ ಮಗನ ಬಳಿ ಈ ವಿಷಯ ತೆಗೆದೆ. "ಭಟ್ಟರು ಪಶುಪತಿಯವರು, ಭಾರತದವರಲ್ಲ," ಎಂದರು ತಾಯಿ. ಮಗನಿಗೆ ಸಿಟ್ಟು ಬಂತು. "ಹಾಗಾದರೆ ನಮ್ಮವರಿಗೆ ಮಂತ್ರ ಬರುವುದಿಲ್ಲವೇ?" ಕೇಳಿದ್ದು ತಾಯಿಯನ್ನಾದರೂ ನೋಡಿದ್ದು ನನ್ನನ್ನು. ತಾಯಿ ಬಿಡಲಿಲ್ಲ: "ಚೀನಾ ಮಾಲು ತಂದು ಮಾರುವಾಗ ನಮ್ಮವರು ನೆನಪಾಗಲಿಲ್ಲವೇ ನಿನಗೆ?" ಇಬ್ಬರೂ ನೇಪಾಳಿಯಲ್ಲಿ ಜೋರಾಗಿ ಶುರುವಿಟ್ಟುಕೊಂಡರು. ನನ್ನ ಚಿಲ್ಲರೆ ಬಾಕಿ ಇತ್ತು, ಕಾದು ನಿಂತೆ.