ಕೆಂಪು ‘ಎಲ್’

ಇಂದು ಬೆಳಿಗ್ಗೆ ಕಾರಿನ ಹಿಂದೆ, ಮುಂದೆ ಕೆಂಪು ‘ಎಲ್’ ಅಂಟಿಸಿದೆ.
14 ವರ್ಷ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಪಳಗಿದ ಕೈ ಇದು.

ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ಭಾರತದ ಲೈಸೆನ್ಸ್ ನಡೆಯುವುದು 12 ತಿಂಗಳು ಮಾತ್ರ. ನನ್ನದು ನಿನ್ನೆಗೆ ಮುಗಿಯಿತು. ಇನ್ನು ಥಿಯರಿ, ರಸ್ತೆ ಪರೀಕ್ಷೆ, ಎಲ್ಲವೂ ಮೊದಲಿನಿಂದ. ಅಲ್ಲಿಯವರೆಗೆ 3 ವರ್ಷದಿಂದ ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ ಕೂರಲೇಬೇಕು.

ಕೆನಡಾ, ದಕ್ಷಿಣ ಕೊರಿಯಾದವರು ಬಲಗಡೆ ಓಡಿಸಿ ಕಲಿತವರು. ಅವರಿಗೆ ಪರೀಕ್ಷೆಯಿಲ್ಲದೆ ಲೈಸೆನ್ಸ್ ಬದಲಾಯಿಸಿಕೊಡುತ್ತಾರೆ. ನಮ್ಮದೋ, ಇಲ್ಲಿನಂತೆಯೇ ಎಡಗಡೆಯ ಸಂಚಾರ. ಆದರೂ ಆ ಪಟ್ಟಿಯಲ್ಲಿ ಭಾರತವಿಲ್ಲ. ನಿಜಕ್ಕೂ ಬೇಸರವಾಯಿತು.

ಅಮ್ಮನಿಗೆ ಫೋಟೋ ಕಳಿಸಿದೆ.
“ಘಾಟಿಯಲ್ಲಿ ಬಸ್ಸು ಎದುರಾದಾಗ, ಕತ್ತಲಲ್ಲಿ ಅಷ್ಟು ದೂರ ಹಿಂದಕ್ಕೆ ತೆಗೆದವನಲ್ಲವೇನೋ ನೀನು?” ಎಂದರು.